ಓಪನ್ ಸೋರ್ಸ್ ಎಂದು ಬರೆಯುವ ಕೈಗಳಿಗೆ

2022ರ ಜುಲೈ ತಿಂಗಳಲ್ಲಿ ಮೆಟಾ ಕಂಪನಿ 200 ಭಾಷೆಗಳ ನಡುವೆ ಅನುವಾದ ಮಾಡಬಲ್ಲ ಮಾಡೆಲ್ ಒಂದನ್ನು ಹೊರಗೆ ಬಿಟ್ಟಿತು. ಹೆಸರು ಎನ್‌ಎಲ್‌ಎಲ್‌ಬಿ-200. ಯಾವ ಭಾಷೆಯೂ ಹಿಂದೆ ಉಳಿಯಬಾರದು ಎಂಬ ಆಸೆಯೇ ಆ ಅಕ್ಷರಗಳೊಳಗೆ ಅಡಗಿದೆ. ಆ ಪಟ್ಟಿಯಲ್ಲಿ ಕನ್ನಡವೂ ಇತ್ತು. ಓಪನ್ ಸೋರ್ಸ್ ಮಾಡುತ್ತಿದ್ದೇವೆ ಎಂದು ಕಂಪನಿ ಹೇಳಿತು, ಸುದ್ದಿಯೂ ಹಾಗೆಯೇ ಹರಡಿತು. ಲೈಸೆನ್ಸ್ ಓದುವ ತಾಳ್ಮೆ ಇದ್ದವರಿಗೆ ಕಂಡದ್ದು ಬೇರೆ. ಅದರ ಕೋಡ್ ಎಂಐಟಿ ಲೈಸೆನ್ಸಿನಲ್ಲಿತ್ತು, ಅದಕ್ಕೆ ತಕರಾರಿಲ್ಲ; ಆದರೆ ಅನುವಾದದ ಜೀವಾಳವಾದ ಮಾಡೆಲ್ ಮಾತ್ರ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎನ್‌ಸಿ 4.0 ಅಡಿಯಲ್ಲಿತ್ತು. ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬುದು ಆ 'ಎನ್‌ಸಿ'ಯ ತಾತ್ಪರ್ಯ.

ಈಗ ಒಂದು ಚಿತ್ರ ಕಲ್ಪಿಸಿಕೊಳ್ಳಿ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಮುಗಿಸಿದ ಇಬ್ಬರು ಹುಡುಗಿಯರು, ಮಹಡಿ ಮೇಲಿನ ಕೋಣೆಯಲ್ಲಿ ಕೂತು, ಕೀಟನಾಶಕದ ಡಬ್ಬಿಯ ಮೇಲೆ ಅಚ್ಚಾದ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿ ಹೇಳುವ ಒಂದು ಆ್ಯಪ್ ಕಟ್ಟುತ್ತಾರೆ. ಹಗಲು ಬೇರೆ ಕಡೆ ದುಡಿದು, ರಾತ್ರಿ ಇದಕ್ಕೆ ಕೂತು, ಸರ್ವರಿನ ಬಾಡಿಗೆಗೆ ಸಾಕಾಗುವಷ್ಟು ಚಿಲ್ಲರೆ ಕಾಸನ್ನು ರೈತರಿಂದ ಕೇಳೋಣ ಎಂದುಕೊಳ್ಳುತ್ತಾರೆ. ಓಪನ್ ಸೋರ್ಸ್ ಎಂದು ಎಲ್ಲರೂ ಹೇಳಿದ್ದನ್ನು ನಂಬಿಯೇ ಅವರು ಆ ಮಾಡೆಲ್ ಆರಿಸಿಕೊಂಡಿದ್ದು. ಒಂದು ದಿನ ಬೀಜದ ಕಂಪನಿಯೊಂದು ಆಸಕ್ತಿ ತೋರಿಸುತ್ತದೆ, ಅದರ ವಕೀಲರು ಲೈಸೆನ್ಸುಗಳ ಪಟ್ಟಿ ಕೊಡಿ ಎನ್ನುತ್ತಾರೆ, ಆ ಪಟ್ಟಿಯ ಮೂರನೇ ಸಾಲಿನಲ್ಲಿ ಬೆರಳು ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು. ವರ್ಷದ ಕೆಲಸ ನೀರಿನಲ್ಲಿ ಹೋಮ. ಡಬ್ಬಿ ಹಿಡಿದು ನಿಂತ ರೈತನಿಗೆ ತನಗೆ ಬರಬೇಕಿದ್ದದ್ದು ಏನು, ಬಾರದೇ ಹೋದದ್ದು ಯಾಕೆ ಎಂಬುದು ಎಂದೂ ತಿಳಿಯುವುದಿಲ್ಲ. ಅವನು ಯಾರ ಬಳಿಯೂ ದೂರು ಹೇಳುವುದಿಲ್ಲ, ಯಾಕೆಂದರೆ ದೂರು ಹೇಳಲು ಏನೋ ನಡೆದಿದೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

ನಿಮಗೆ ಗೊತ್ತು. ಅದಕ್ಕಾಗಿಯೇ ಈ ಮಾತು ನಿಮ್ಮೊಡನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕೂತು ದಿನಕ್ಕೆ ಹತ್ತು ಸಲ ಲೈಬ್ರರಿ ಎಳೆದುಕೊಳ್ಳುವ ನಿಮಗೆ, ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕನ್ನಡದ ಡೇಟಾಸೆಟ್ ಸಿದ್ಧಮಾಡುವ ನಿಮಗೆ, ಸರ್ಕಾರಿ ಟೆಂಡರಿನ ತಾಂತ್ರಿಕ ಸಮಿತಿಯಲ್ಲಿ ಸಹಿ ಹಾಕುವ ನಿಮಗೆ, ಪತ್ರಿಕೆಗೆ ತಂತ್ರಜ್ಞಾನದ ಸುದ್ದಿ ಬರೆಯುವ ನಿಮಗೆ ಅಪಾಚೆ ಯಾವುದು, ಎಂಐಟಿ ಯಾವುದು, ಸಂಶೋಧನೆಗೆ ಮಾತ್ರ ಎಂಬ ಷರತ್ತು ಯಾವುದು ಎಂದು ಗೊತ್ತು. ಗೊತ್ತಿದ್ದೂ, ಕೆಲಸದ ಧಾವಂತದಲ್ಲಿ, ಮಾರ್ಕೆಟಿಂಗ್‌ನವರ ಒತ್ತಾಯಕ್ಕೆ, ಹೋಗಲಿ ಬಿಡು ಎಂಬ ದಾಕ್ಷಿಣ್ಯಕ್ಕೆ, ನೀವು ಓಪನ್ ಸೋರ್ಸ್ ಎಂಬ ಎರಡು ಪದವನ್ನು ಅದಕ್ಕೆ ಸಲ್ಲದ ಕಡೆ ಬರೆಯುತ್ತೀರಿ, ಇಲ್ಲವೇ ಬೇರೆಯವರು ಬರೆದದ್ದನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತೀರಿ.

ಬೇಸಿಗೆಯಲ್ಲಿ ನಮ್ಮ ಊರುಗಳ ದಾರಿಬದಿಯಲ್ಲಿ ಅರವಟ್ಟಿಗೆ ಇಡುತ್ತಾರಲ್ಲ, ನೆನಪಿಸಿಕೊಳ್ಳಿ. ಚಪ್ಪರದ ಕೆಳಗೆ ಮಣ್ಣಿನ ಗಡಿಗೆ, ಪಕ್ಕದಲ್ಲಿ ಮಜ್ಜಿಗೆಯ ಕೊಳಗ. ಬಾಯಾರಿ ಬಂದವನನ್ನು ಯಾವ ಊರು, ಯಾವ ಕುಲ, ಸಂತೆಗೆ ಹೊರಟವನೋ ಜಾತ್ರೆಗೆ ಹೊರಟವನೋ ಎಂದು ಅಲ್ಲಿ ಕೇಳುವುದಿಲ್ಲ. ಅದೇ ಚಪ್ಪರಕ್ಕೆ ಅರವಟ್ಟಿಗೆ ಎಂಬ ಬೋರ್ಡು ತಗುಲಿಸಿ, ಒಳಗೆ ಒಬ್ಬನನ್ನು ಕೂರಿಸಿ, ಸಂತೆಯ ವ್ಯಾಪಾರಿಗೆ ನೀರಿಲ್ಲ, ಆಚೆ ತಾಲ್ಲೂಕಿನವರಿಗೆ ನೀರಿಲ್ಲ ಎಂದು ಹೇಳಿಸಿದರೆ? ನೀರು ಇಟ್ಟವನದೇ, ಗಡಿಗೆಯೂ ಅವನದೇ, ಯಾರಿಗೆ ಕೊಡಬೇಕು ಎಂಬ ಹಕ್ಕೂ ಅವನದೇ. ಬೋರ್ಡು ಮಾತ್ರ ಅವನದಲ್ಲ. ಆ ಬೋರ್ಡನ್ನು ನಂಬಿ ಮನೆಯಿಂದ ನೀರಿನ ಚೊಂಬು ತಾರದೆ ಹೊರಟವರು ದಾರಿಯಲ್ಲಿದ್ದಾರೆ.

ಆ ಬೋರ್ಡು ಬಂದದ್ದು ಎಲ್ಲಿಂದ ಎಂಬುದೂ ನಿಮಗೆ ಗೊತ್ತು. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಬಿಟ್ಟುಕೊಡುವುದಾಗಿ ಘೋಷಿಸಿತು. ಫೆಬ್ರವರಿ 3ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಸೇರಿದ ಕೆಲವರ ನಡುವೆ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ ಓಪನ್ ಸೋರ್ಸ್ ಎಂಬ ಹೆಸರು ನಿಂತಿತು. ಅದೇ ತಿಂಗಳು ಬ್ರೂಸ್ ಪೆರೆನ್ಸ್ ಮತ್ತು ಎರಿಕ್ ರೇಮಂಡ್ ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಕಟ್ಟಿದರು. ಪೆರೆನ್ಸ್ ಅದಕ್ಕೂ ಮುಂಚಿನ ವರ್ಷ ಡೆಬಿಯನ್ ಬಳಗಕ್ಕಾಗಿ ಬರೆದಿದ್ದ ಮಾರ್ಗಸೂಚಿಯೇ ಹತ್ತು ಅಂಶಗಳ ವ್ಯಾಖ್ಯೆಯಾಯಿತು. ಹತ್ತನ್ನೂ ಇಲ್ಲಿ ಹೇಳುತ್ತ ಕೂರುವುದಿಲ್ಲ. ಐದನೆಯದನ್ನೂ ಆರನೆಯದನ್ನೂ ಮಾತ್ರ ಹೇಳುತ್ತೇನೆ, ಯಾಕೆಂದರೆ ಇವತ್ತು ಸದ್ದಿಲ್ಲದೆ ಅಳಿಸಿಹೋಗುತ್ತಿರುವುದು ಅವೆರಡೇ: ಯಾವ ವ್ಯಕ್ತಿಗೂ ಗುಂಪಿಗೂ ಭೇದ ಮಾಡಕೂಡದು, ಯಾವ ಕಾರ್ಯಕ್ಷೇತ್ರಕ್ಕೂ ಭೇದ ಮಾಡಕೂಡದು. ವ್ಯಾಪಾರದಲ್ಲಿ ಬಳಸಬೇಡಿ ಎನ್ನುವಂತಿಲ್ಲ, ಜೆನೆಟಿಕ್ ಸಂಶೋಧನೆಯಲ್ಲಿ ಬಳಸಬೇಡಿ ಎನ್ನುವಂತಿಲ್ಲ ಎಂದು ಉದಾಹರಣೆಯನ್ನೂ ಅಲ್ಲೇ ಕೊಟ್ಟಿದ್ದಾರೆ. ಕೋಡ್ ಕಣ್ಣಿಗೆ ಕಾಣುವುದು ಆ ಹತ್ತರಲ್ಲಿ ಒಂದು ಅಂಶ, ಅಷ್ಟೇ. ಬಳಸಲು, ತಿದ್ದಲು, ತಿದ್ದಿದ್ದನ್ನು ಹಂಚಲು, ಮಾರಲು ಕೂಡ, ಯಾರ ಅಪ್ಪಣೆಯನ್ನೂ ಕೇಳದೆ ಹೊರಡಬಹುದು ಎಂಬುದೇ ಅದರ ಹೂರಣ.

ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವ ಪ್ರಯತ್ನ 1999ರಲ್ಲೇ ಕೈಗೂಡಲಿಲ್ಲ. ತೀರಾ ವರ್ಣನಾತ್ಮಕವಾದ ಪದ ಎಂಬ ಕಾರಣ. ಅಂದಿನಿಂದ ಇಂದಿನವರೆಗೂ ಆ ಪದಕ್ಕೆ ಮಾಲೀಕರಿಲ್ಲ, ಕಾವಲುಗಾರರಿಲ್ಲ. ಅದನ್ನು ಸರಿಯಾಗಿ ಬಳಸಬೇಕೆಂದು ಮನಸ್ಸು ಮಾಡಿದ ಲಕ್ಷಾಂತರ ಸಾಮಾನ್ಯ ಕೆಲಸಗಾರರ ಪ್ರಾಮಾಣಿಕತೆಯ ಮೇಲೆಯೇ ಅದು ಇಷ್ಟು ವರ್ಷ ನಿಂತಿದೆ.

ಒಂದು ರೆಪಾಸಿಟರಿಯನ್ನು ಹತ್ತಿರದಿಂದ ನೋಡೋಣ ಬನ್ನಿ. ಇಂಥದ್ದನ್ನು ನೀವು ನೂರು ಕಂಡಿದ್ದೀರಿ. ರೀಡ್‌ಮೀ ಫೈಲಿನ ಮೊದಲ ಸಾಲಿನಲ್ಲೇ ಓಪನ್ ಸೋರ್ಸ್ ಎಂದಿದೆ, ಪಕ್ಕದಲ್ಲಿ ಹಸಿರು ಬ್ಯಾಡ್ಜ್. ಕೆಳಗೆ ಚಂದದ ಡೆಮೊ, ಅದರ ಕೆಳಗೆ ಇನ್‌ಸ್ಟಾಲ್ ಮಾಡುವ ಎರಡು ಕಮಾಂಡ್. ಹೊಸಬ ಅಲ್ಲಿಗೆ ನಿಲ್ಲಿಸಿ ಕೆಲಸ ಶುರುಮಾಡುತ್ತಾನೆ. ಲೈಸೆನ್ಸ್ ಎಂಬ ಹೆಸರಿನ ಫೈಲು ಬೇರೆ. ಅದನ್ನು ತೆರೆದರೆ ಮೊದಲ ನಾಲ್ಕು ಪ್ಯಾರಾ ಎಲ್ಲ ಲೈಸೆನ್ಸುಗಳಲ್ಲೂ ಇರುವಂಥದ್ದೇ, ಕಣ್ಣು ಜಾರಿಬಿಡುತ್ತದೆ. ಐದನೆಯದರಲ್ಲಿ, ಶೈಕ್ಷಣಿಕ ಸಂಶೋಧನೆಗೆ ಮಾತ್ರ, ಉಳಿದದ್ದಕ್ಕೆ ಲಿಖಿತ ಅನುಮತಿ ಪಡೆಯಿರಿ ಎಂದಿದೆ, ಕೆಳಗೊಂದು ಈಮೇಲ್ ವಿಳಾಸ. ಆ ವಿಳಾಸಕ್ಕೆ ಬರೆದು ಉತ್ತರ ಪಡೆಯುವಷ್ಟು ಇಂಗ್ಲಿಷು, ಧೈರ್ಯ, ಸಮಯ ಯಾರಿಗಿದೆ? ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಅವರು ಐದನೇ ಪ್ಯಾರಾ ಓದಿಯೇ ಓದುತ್ತಾರೆ. ರೀಡ್‌ಮೀಯ ಮೊದಲ ಸಾಲನ್ನು ನಂಬಿ ಕೆಡುವವರು ವಕೀಲರಿಲ್ಲದವರು.

ವಕೀಲರಿಲ್ಲದವರಿಗೆ ಓಪನ್ ಸೋರ್ಸ್ ಎಂಬ ಪದ ಏನೇನು ಕೊಟ್ಟಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಣ್ಣು ಕಾಣದ ವಿದ್ಯಾರ್ಥಿಗಳು ಕಂಪ್ಯೂಟರ್ ಪರದೆಯನ್ನು ಕಿವಿಯಿಂದ ಓದುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಯುವಕ ಶುರುಮಾಡಿ, ಗೆಳೆಯ ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ್ದು ಅದು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದರ ಜೊತೆಯಲ್ಲೇ ಬರುವ ದನಿ ಈಸ್ಪೀಕ್ ಎನ್‌ಜಿ. ಎರಡೂ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನ ಅಡಿಯಲ್ಲಿವೆ. ಈಸ್ಪೀಕ್ ಕನ್ನಡವನ್ನೂ ಮಾತಾಡುತ್ತದೆ. ಇಂಪಾಗಿ ಮಾತಾಡುತ್ತದೆ ಎಂದರೆ ಸುಳ್ಳಾದೀತು, ಯಂತ್ರದ ಗಂಟಲು ಅದು, ಕೇಳಿ ಅಭ್ಯಾಸವಾಗಬೇಕು. ಆದರೆ ಅದರ ಸೋರ್ಸ್ ಕೋಡಿನೊಳಗೆ ಕನ್ನಡದ ಉಚ್ಚಾರದ ನಿಯಮಗಳಿರುವ ಒಂದು ಫೈಲ್ ಇದೆ, ಬರೀ ಪಠ್ಯದ ಫೈಲ್. ಯಾವ ಅಕ್ಷರಕ್ಕೆ ಯಾವ ಧ್ವನಿ ಎಂದು ಸಾಲು ಸಾಲಾಗಿ ಬರೆದಿಟ್ಟಿದೆ. ಕನ್ನಡ ಬಲ್ಲ ಯಾರು ಬೇಕಾದರೂ, ನಾಳೆ ಬೆಳಗ್ಗೆಯೇ, ಅದನ್ನು ತೆರೆದು ಒಂದು ಒತ್ತಕ್ಷರದ ತಪ್ಪು ತಿದ್ದಿ ಕಳಿಸಬಹುದು, ಯಾರ ಅಪ್ಪಣೆಯನ್ನೂ ಕೇಳದೆ.

ಇನ್ನೂ ಒಂದು ಸಂಗತಿ. ಈಸ್ಪೀಕನ್ನು ವರ್ಷಗಟ್ಟಲೆ ಕಟ್ಟಿದ್ದು ಒಬ್ಬರೇ ಪ್ರೋಗ್ರಾಮರ್. ಅವರ ಕಡೆಯಿಂದ ಹೊಸ ಆವೃತ್ತಿಗಳು ನಿಂತುಹೋದಾಗ, 2015ರ ಕೊನೆಯಲ್ಲಿ, ಬೇರೆ ಕೆಲವರು ಅದೇ ಕೋಡನ್ನು ಕೈಗೆತ್ತಿಕೊಂಡು ಹೊಸ ಹೆಸರಿನಲ್ಲಿ ಮುಂದುವರಿಸಿದರು. 'ಎನ್‌ಜಿ' ಸೇರಿಕೊಂಡದ್ದು ಆಗಲೇ. ಆ ಲೈಸೆನ್ಸಿನಲ್ಲಿ ನನ್ನನ್ನು ಕೇಳಿ ಮಾಡಿ ಎಂಬ ಒಂದೇ ಒಂದು ಸಾಲು ಇದ್ದಿದ್ದರೆ, ಅನುಮತಿ ಯಾರಲ್ಲಿ ಕೇಳುವುದು ಎಂದು ತಿಳಿಯದೆ ಆ ಕೆಲಸ ಅಲ್ಲೇ ಕೊಳೆಯುತ್ತಿತ್ತು. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಪರೀಕ್ಷೆಗೆ ಓದುವ ಹುಡುಗನಿಗೆ ಈ ಚರಿತ್ರೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವನ ಪರವಾಗಿ ಯಾರೋ ಒಬ್ಬರು ಒಂದು ಲೈಸೆನ್ಸನ್ನು ಆರಿಸಿ, ಅದಕ್ಕೆ ಅದರ ನಿಜವಾದ ಹೆಸರಿಟ್ಟಿದ್ದರು.

ಮುಚ್ಚಿದ ತಂತ್ರಾಂಶ ಮಾರುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಷರತ್ತು ಹಾಕಿ ಕೊಡುವುದು ಕೂಡ ಕೊಡುವುದೇ. ಏನೂ ಕೊಡದವರಿಗಿಂತ ಅವರು ಮೇಲು. ಷರತ್ತು ಹಾಕುವವರ ಸಂಕಟವೂ ಸುಳ್ಳಲ್ಲ. ತಾವು ಬೆವರು ಸುರಿಸಿ ಬರೆದ ಡೇಟಾಬೇಸನ್ನು ಕ್ಲೌಡ್ ಕಂಪನಿಯೊಂದು ಎತ್ತಿಕೊಂಡು ಬಾಡಿಗೆಗೆ ಬಿಟ್ಟು ಕೋಟಿ ಎಣಿಸುವಾಗ ಹೊಟ್ಟೆ ಉರಿಯದಿರಲು ನಾವೇನು ಸನ್ಯಾಸಿಗಳೇ? ಟೆರಾಫಾರ್ಮ್ ಬರೆದ ಹ್ಯಾಶಿಕಾರ್ಪ್ 2023ರ ಆಗಸ್ಟಿನಲ್ಲಿ ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಹೋಯಿತು, ರೆಡಿಸ್ 2024ರ ಮಾರ್ಚಿನಲ್ಲಿ ತನ್ನ ಹಳೆಯ ಲೈಸೆನ್ಸ್ ಬಿಟ್ಟಿತು. ಹಳೆಯ ಕೋಡನ್ನು ಹಿಡಿದು ಓಪನ್‌ಟೋಫು, ವಾಲ್ಕೀ ಎಂಬ ಕವಲುಗಳು ಹುಟ್ಟಿದವು. ಇದು ವ್ಯಾಪಾರದ ನಿರ್ಧಾರ, ಒಪ್ಪಬಹುದು, ಬಿಡಬಹುದು. ಬಿಸಿನೆಸ್ ಸೋರ್ಸ್ ಲೈಸೆನ್ಸಿನ ಬಗ್ಗೆ ನನಗೆ ಒಂದು ಗೌರವವೂ ಇದೆ: ತಾನು ಓಪನ್ ಸೋರ್ಸ್ ಲೈಸೆನ್ಸ್ ಅಲ್ಲ ಎಂದು ಅದರ ಪಠ್ಯದಲ್ಲೇ ಬರೆದುಕೊಂಡಿದೆ. ಸೆಂಟ್ರಿ ಕಂಪನಿ 2023ರಲ್ಲಿ ಇದೇ ಲೈಸೆನ್ಸಿನಡಿ ಬಿಟ್ಟ ಒಂದು ಉತ್ಪನ್ನವನ್ನು ಓಪನ್ ಸೋರ್ಸ್ ಎಂದು ಕರೆದು ಆಕ್ಷೇಪ ಕೇಳಬೇಕಾಯಿತು. ಮರುವರ್ಷ ತನ್ನ ಬಗೆಯ ಲೈಸೆನ್ಸುಗಳಿಗೆ ಫೇರ್ ಸೋರ್ಸ್ ಎಂಬ ಬೇರೆ ಹೆಸರನ್ನೇ ಚಲಾವಣೆಗೆ ತಂದಿತು. ಅಷ್ಟೇ ಸಾಕಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ.

ನನ್ನ ಕರುಳು ಚುರ್ ಎನ್ನುವುದು ಇನ್ನೊಂದು ಬಗೆಯವರನ್ನು ನೆನೆದು. ಎಲಾಸ್ಟಿಕ್ ಕಂಪನಿ 2018ರಲ್ಲಿ, ಅಪಾಚೆ ಲೈಸೆನ್ಸಿನ ಕೋಡಿನ ಲೈಸೆನ್ಸನ್ನು ಬದಲಿಸಿಲ್ಲ, ಎಂದಿಗೂ ಬದಲಿಸುವುದಿಲ್ಲ ಎಂದು ಬರೆದುಕೊಟ್ಟಿತ್ತು. 2021ರ ಜನವರಿಯಲ್ಲಿ ಬದಲಿಸಿತು, ಅದೂ ಮತ್ತಷ್ಟು ಮುಕ್ತವಾಗುತ್ತಿದ್ದೇವೆ ಎಂಬ ಧಾಟಿಯಲ್ಲಿ. ಅದು ಆರಿಸಿಕೊಂಡ ಎಸ್‌ಎಸ್‌ಪಿಎಲ್ ಓಪನ್ ಸೋರ್ಸ್ ಅಲ್ಲ ಎಂದು ಓಪನ್ ಸೋರ್ಸ್ ಇನಿಶಿಯೇಟಿವ್ ಆಗಲೇ ಹೇಳಬೇಕಾಯಿತು. 2024ರಲ್ಲಿ ಆ ಕಂಪನಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸನ್ನು ಸೇರಿಸಿಕೊಂಡು ಹಿಂದಿರುಗಿತು ಎಂಬುದನ್ನೂ ಹೇಳಬೇಕು, ನ್ಯಾಯಕ್ಕೆ. ಆದರೆ ನಡುವಿನ ಆ ವರ್ಷಗಳಲ್ಲಿ, ಆ ಮಾತನ್ನು ನಂಬಿ ರಾತ್ರಿ ನಿದ್ದೆಗೆಟ್ಟು, ಸಂಬಳವಿಲ್ಲದೆ, ಬಗ್ ಹುಡುಕಿ ತಿದ್ದಿ ಕಳಿಸಿದ್ದವರ ಮನಸ್ಸಿಗೆ ಏನಾಗಿರಬೇಡ! ಅವರು ಷೇರುದಾರರಲ್ಲ, ನೌಕರರಲ್ಲ, ಯಾವ ಸಭೆಯಲ್ಲೂ ಅವರಿಗೆ ಕುರ್ಚಿಯಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಈ ಸಡಿಲತೆ ಹಬ್ಬಿಕೊಂಡಿದೆ. ಮೆಟಾದ ಲಾಮಾ ಮಾಡೆಲ್‌ಗಳನ್ನು ಓಪನ್ ಸೋರ್ಸ್ ಎನ್ನುವುದು ನಿಮ್ಮ ಬಾಯಲ್ಲಿ ಎಷ್ಟು ಸರಾಗವಾಗಿದೆ! 70 ಕೋಟಿಗಿಂತ ಹೆಚ್ಚು ಮಾಸಿಕ ಬಳಕೆದಾರರಿರುವ ಕಂಪನಿ ಬೇರೆ ಅನುಮತಿ ಪಡೆಯಬೇಕು ಎಂದು 2023ರ ಲಾಮಾ 2 ಲೈಸೆನ್ಸಿನಲ್ಲೇ ಇದೆ. ದೊಡ್ಡವರಿಗೆ ಹಾಕಿದ ಬೇಲಿ, ನಮಗೇನು ಎಂದಿರಿ. 2024ರ ಸೆಪ್ಟೆಂಬರಿನಲ್ಲಿ ಲಾಮಾ 3.2 ಬಂತು, ಚಿತ್ರಗಳನ್ನು ಅರ್ಥಮಾಡಿಕೊಳ್ಳುವ ಅದರ ಮಾಡೆಲ್‌ಗಳ ಹಕ್ಕು ಯುರೋಪಿಯನ್ ಒಕ್ಕೂಟದಲ್ಲಿ ನೆಲೆಸಿದವರಿಗೆ ಇಲ್ಲ ಎಂದು ಷರತ್ತು ಸೇರಿತು. ಮ್ಯೂನಿಕ್‌ನಲ್ಲಿ ಮನೆಮಾಡಿ, ರಜೆಯ ದಿನಗಳಲ್ಲಿ ಕನ್ನಡದ ಕೆಲಸಕ್ಕೆ ಕೈಹಚ್ಚುವ ನಮ್ಮದೇ ಇಂಜಿನಿಯರ್ ಒಬ್ಬ, ಮೈಸೂರಿನ ಗೆಳೆಯನ ಜೊತೆ ಕೂಡಿ ಅದರ ಮೇಲೆ ಏನಾದರೂ ಕಟ್ಟಹೊರಟರೆ, ಒಬ್ಬನಿಗೆ ಹಕ್ಕಿದೆ, ಇನ್ನೊಬ್ಬನಿಗೆ ಇಲ್ಲ. ವ್ಯಕ್ತಿಗೂ ಗುಂಪಿಗೂ ಭೇದ ಮಾಡಕೂಡದು ಎಂಬ ಐದನೇ ಅಂಶ ಯಾಕಿತ್ತು ಎಂಬುದು ಬೇಲಿ ನಮ್ಮ ಬಾಗಿಲಿಗೆ ಬಂದಾಗಲೇ ಹೊಳೆಯಬೇಕೆ? ಸಾಲದ್ದಕ್ಕೆ, ಯುರೋಪಿನ ಎಐ ಕಾಯ್ದೆ ಮುಕ್ತ ಲೈಸೆನ್ಸಿನ ಮಾಡೆಲ್‌ಗಳಿಗೆ ಕೆಲವು ಹೊಣೆಗಳಿಂದ ವಿನಾಯಿತಿ ಕೊಡುತ್ತದೆ. ಪದಕ್ಕೆ ಬೆಲೆ ಬಂದ ಮೇಲೆ ಅದನ್ನು ಹಿಗ್ಗಿಸುವ ಕೈಗಳೂ ಹೆಚ್ಚುತ್ತವೆ.

ನಮ್ಮಲ್ಲೂ ಅದಕ್ಕೆ ಬೆಲೆಯಿದೆ. 2015ರಲ್ಲಿ ಭಾರತ ಸರ್ಕಾರ ಓಪನ್ ಸೋರ್ಸ್ ತಂತ್ರಾಂಶದ ಅಳವಡಿಕೆಗೆ ಒಂದು ನೀತಿ ಹೊರಡಿಸಿತು. ಅಧ್ಯಯನ ಮಾಡಲು, ಮಾರ್ಪಡಿಸಲು, ಮೂಲವನ್ನೋ ಮಾರ್ಪಡಿಸಿದ್ದನ್ನೋ ಮರುಹಂಚಲು ಸೋರ್ಸ್ ಕೋಡ್ ಲಭ್ಯವಿರಬೇಕು, ರಾಯಧನ ಇರಕೂಡದು ಎಂದು ಅದರಲ್ಲಿ ನೇರವಾಗಿಯೇ ಇದೆ. ಟೆಂಡರ್ ಸಮಿತಿಯಲ್ಲಿರುವ ಸ್ವಾಮಿ, ನಿಮ್ಮ ಮೇಜಿಗೆ ಬಂದ ಪ್ರಸ್ತಾವದಲ್ಲಿ ಓಪನ್ ಸೋರ್ಸ್ ಎಂಬ ಕಾಲಮ್ಮಿನ ಮುಂದೆ ಹೌದು ಎಂದು ಟಿಕ್ ಹಾಕಿರುತ್ತಾರೆ. ಲೈಸೆನ್ಸಿನ ಹೆಸರೇನು ಎಂದು ನೀವು ಕೇಳುವುದಿಲ್ಲ; ಕೇಳಿದರೆ ಕಡತ ಇನ್ನೊಂದು ವಾರ ತಡವಾಗುತ್ತದೆ. ಐದು ವರ್ಷದ ಮೇಲೆ ಆ ಕಂಪನಿ ಬೆಲೆ ಏರಿಸಿದಾಗ, ಕೋಡ್ ಕಣ್ಣೆದುರಿಗೇ ಇದ್ದರೂ ಬೇರೆಯವರಿಂದ ತಿದ್ದಿಸುವ ಹಕ್ಕಿಲ್ಲ ಎಂದು ಗೊತ್ತಾದಾಗ, ನೀವು ಬೇರೆ ಇಲಾಖೆಯಲ್ಲಿರುತ್ತೀರಿ. ಕೌಂಟರಿನ ಮುಂದೆ ಪಹಣಿಗೋ ಪಿಂಚಣಿಗೋ ಚೀಟಿ ಹಿಡಿದು ನಿಂತ ಅಜ್ಜಿ ಮಾತ್ರ, ಸರ್ವರ್ ಸರಿಯಿಲ್ಲ, ನಾಳೆ ಬಾ ಎಂಬ ಮಾತು ಕೇಳಿಸಿಕೊಂಡು ಮತ್ತೆ ಬಸ್ ಹತ್ತುತ್ತಾಳೆ.

ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ, ಕೋಡ್ ಕಾಣುತ್ತಿದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಭಾಷೆ ಬದಲಾಗುತ್ತದೆ, ಪದಗಳ ಅರ್ಥ ಸಡಿಲವಾಗುತ್ತದೆ ಎಂದೂ ಹೇಳುತ್ತೀರಿ. ಆ ಸಡಿಲಿಕೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಒಮ್ಮೆ ನೋಡಿ. ಅರ್ಥ ಗಟ್ಟಿಯಿದ್ದಾಗ, ದಾವಣಗೆರೆಯ ಆ ಹುಡುಗಿಯರು ಎರಡು ಪದ ಓದಿ ಕೆಲಸ ಶುರುಮಾಡಬಹುದಿತ್ತು. ಅರ್ಥ ಸಡಿಲವಾದ ದಿನದಿಂದ ಪ್ರತಿಯೊಂದಕ್ಕೂ ವಕೀಲರನ್ನು ಹುಡುಕಬೇಕು. ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ಏನೂ ಕಷ್ಟವಿಲ್ಲ. 2022ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ನಿಯೋ4ಜೆ ಕಂಪನಿಯ ಮೊಕದ್ದಮೆಯಲ್ಲಿ, ಹೆಚ್ಚುವರಿ ಷರತ್ತಿದ್ದ ತಂತ್ರಾಂಶವನ್ನು ಮುಕ್ತ, ಓಪನ್ ಸೋರ್ಸ್ ಎಂದು ಪ್ರಚಾರ ಮಾಡಿದ್ದು ಸುಳ್ಳು ಜಾಹೀರಾತು ಎಂಬ ಕೆಳಗಿನ ಕೋರ್ಟಿನ ನಿಲುವನ್ನು ಎತ್ತಿಹಿಡಿಯಿತು. ಅಲ್ಲೂ ಗೆದ್ದದ್ದು ಸೋತದ್ದು ಕಂಪನಿಗಳೇ. ಕೋರ್ಟಿನ ಮೆಟ್ಟಿಲು ಹತ್ತಲಾರದವರ ಪಾಲಿಗೆ ಇರುವುದು ನಿಮ್ಮ ಬೆರಳ ತುದಿಯ ನಿಯತ್ತು ಒಂದೇ.

ನೀವು ಕೆಟ್ಟವರಲ್ಲ. ಹಳ್ಳಿಯ ಶಾಲೆಗೆ ಹಳೇ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಹಾಕಿಕೊಟ್ಟವರು ನೀವೇ, ಕನ್ನಡದ ಫಾಂಟುಗಳ ಒತ್ತಕ್ಷರ ತಿದ್ದಿದವರು ನೀವೇ, ಮದುವೆಯ ಹಿಂದಿನ ರಾತ್ರಿಯೂ ಯಾರೋ ಅಪರಿಚಿತ ಕೇಳಿದ ಬಗ್‌ಗೆ ಉತ್ತರ ಬರೆದವರು ನೀವೇ. ಹಾಗಿರುವಾಗ ನಾಳೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ತಂಡದ ರೀಡ್‌ಮೀ ಫೈಲನ್ನೂ ಲೈಸೆನ್ಸ್ ಫೈಲನ್ನೂ ಪಕ್ಕಪಕ್ಕ ತೆರೆದು ಓದಿ. ಹೊಂದದಿದ್ದರೆ ಸೋರ್ಸ್ ಅವೈಲಬಲ್ ಎಂದು ಬರೆಯಿರಿ, ಸಂಶೋಧನೆಗೆ ಮಾತ್ರ ಎಂದು ಬರೆಯಿರಿ, ಓಪನ್ ವೆಯ್ಟ್ ಎಂದು ಬರೆಯಿರಿ. ಮೊದಲ ಸಾಲಿನಲ್ಲೇ ಬರೆಯಿರಿ. ಮಾರ್ಕೆಟಿಂಗ್‌ನವರು ಮುಖ ಸಿಂಡರಿಸಿದರೆ ಆ ಹುಡುಗಿಯರ ಕಥೆ ಹೇಳಿ. ಸುದ್ದಿ ಬರೆಯುವವರು ಆ ಎರಡು ಪದಕ್ಕೆ ಮುಂಚೆ ಲೈಸೆನ್ಸಿನ ಹೆಸರನ್ನು ಒಮ್ಮೆ ಕೇಳಿ.

ಕನ್ನಡದ ದನಿ, ಕನ್ನಡದ ಪಠ್ಯ ಸಂಗ್ರಹಿಸಿ ಮಾಡೆಲ್ ಕಟ್ಟುತ್ತಿರುವ ಪ್ರೊಫೆಸರ್‌ಗಳಲ್ಲಿ ಮಾತ್ರ ಇನ್ನೊಂದು ಬೇಡಿಕೆ ಇದೆ. ನಿಮ್ಮ ಮೈಕಿನ ಮುಂದೆ ಕೂತು ಗಂಟೆಗಟ್ಟಲೆ ವಾಕ್ಯ ಓದಿದ ಅಂಗನವಾಡಿ ಟೀಚರು, ತೋಟದ ಕೂಲಿ, ಕಾಲೇಜು ಹುಡುಗ, ಇದು ಎಲ್ಲರಿಗೂ ಸಿಗುತ್ತದೆ ಎಂಬ ನಿಮ್ಮ ಮಾತು ಕೇಳಿಯೇ ದನಿ ಕೊಟ್ಟಿರುತ್ತಾರೆ. ಚೆನ್ನೈನ ಐಐಟಿ ಮದ್ರಾಸಿನ ಎಐ4ಭಾರತ್ ಬಳಗ 2023ರಲ್ಲಿ ಕನ್ನಡವೂ ಸೇರಿದಂತೆ 22 ಭಾಷೆಗಳ ಇಂಡಿಕ್‌ಟ್ರಾನ್ಸ್2 ಅನುವಾದ ಮಾಡೆಲ್ಲನ್ನು ಎಂಐಟಿ ಲೈಸೆನ್ಸಿನಲ್ಲೇ ಬಿಟ್ಟಿತು. ಆಗುವುದಿಲ್ಲ ಎನ್ನುವ ಮಾತಿಲ್ಲ. ನಿಮ್ಮದನ್ನೂ ಹಾಗೆ ಬಿಡಲಾದರೆ ಬಿಡಿ. ಅನುದಾನ ಕೊಟ್ಟವರ ಷರತ್ತು ಅಡ್ಡ ಬಂದರೆ, ದನಿ ಕೊಟ್ಟವರ ಬಳಿಗೆ ಹೋಗಿ, ಯಾರು ಬಳಸಬಹುದು, ಯಾರು ಬಳಸಲಾರರು ಎಂಬುದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿ, ಆಮೇಲೆ ಪ್ರಕಟಣೆ ಬರೆಯಲು ಕೂರಿ.